ಲೋಟದೊಳಗಿನ ರೈಲು

ಚಿಕ್ಕಮ್ಮನ ಮನೆಗೆ ಬಂದ ಮೊದಲ ವಾರವೇ ನಾನು ಅವಳು ಮಾಡಿಟ್ಟ ಸಿಹಿತಿಂಡಿಗೆ ಬೆಂಕಿ ಹಚ್ಚಿದೆ.

ಬೇಕೆಂದು ಹಚ್ಚಿದ್ದಲ್ಲ. ಸಂಜೆ ಕರೆಂಟು ಹೋಗಿತ್ತು. ಕೆಲಸ ಸಿಕ್ಕಿದ ಊರಿನಲ್ಲಿ ಬಿಟ್ಟಿ ಕೋಣೆಯೊಂದರಲ್ಲಿ ಬಂದು ಬಿದ್ದವನಿಗೆ ತಾನೂ ಉಪಯೋಗಕ್ಕೆ ಬರುವ ಮನುಷ್ಯ ಎಂದು ತೋರಿಸಿಕೊಳ್ಳುವ ಆತುರ ಇರುತ್ತದೆ. ಊಟದ ಮೇಜಿನ ಮೇಲೆ ಒಂದು ಗಾಜಿನ ಲೋಟ ಕಂಡಿತು. ಒಳಗೆ ಕೆಂಪು, ಹಳದಿ, ಬಿಳಿ ಪದರಗಳು ಒಂದರ ಮೇಲೊಂದು ಗೆರೆ ಕೊರೆದ ಹಾಗೆ ಕೂತಿದ್ದವು. ನಟ್ಟನಡುವೆ ಒಂದು ಕಡ್ಡಿ ನೆಟ್ಟಿತ್ತು. ನಾನು ಕೆಲಸ ಮಾಡುವುದು ಹಾಸಿಗೆ ಮಾರುವ ಅಂಗಡಿಯಲ್ಲಿ. ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕ, ನಿದ್ದೆಗೆ ಒಳ್ಳೆಯದೆಂದು ಹೇಳಿ, ಥೇಟ್ ಇಂಥವೇ ಪರಿಮಳದ ಮೇಣದಬತ್ತಿಗಳನ್ನು ಮಾರುತ್ತೇವೆ. ಬೆಂಕಿಪೊಟ್ಟಣ ತಡಕಾಡಿ ತಂದು ಕಡ್ಡಿಗೆ ಹಚ್ಚಿದೆ. ಹೊತ್ತಿಕೊಳ್ಳಲಿಲ್ಲ. ಸಕ್ಕರೆ ಕರಕಲಾದ ವಾಸನೆ ಬಂತು. ಬತ್ತಿ ಹಸಿಯಾಗಿರಬೇಕೆಂದು ಇನ್ನೊಂದು ಸಲ ಹಚ್ಚಿದೆ.

ಬಾಗಿಲಲ್ಲಿ ಟಾರ್ಚು ಹಿಡಿದು ನಿಂತಿದ್ದ ಚಿಕ್ಕಪ್ಪ ಮೊದಲಿಂದಲೂ ನೋಡುತ್ತಿದ್ದರಂತೆ.

"ಅಲ್ಲಯ್ಯಾ, ಪಕ್ಕದಲ್ಲಿ ಚಮಚ ಇಟ್ಟಿದೆ ನೋಡು," ಎಂದರು. "ಮೇಣದಬತ್ತಿಗೆ ಯಾರಾದ್ರೂ ಚಮಚ ಇಡ್ತಾರಾ?"

ಅಡುಗೆಮನೆಯಿಂದ ಬಂದ ಚಿಕ್ಕಮ್ಮ ಲೋಟ ಎತ್ತಿ ಮೂಸಿದಳು. "ಬಿಸ್ಕತ್ತಿನ ಕಡ್ಡಿ ಒಂದೇ ಕಡೆ ಸುಟ್ಟಿದೀಯ. ಸುಡೋದಾದ್ರೆ ತಿರುಗಿಸಿ ಸುಡಬೇಕಪ್ಪ."

ಅಂದಿನಿಂದ ಆ ಮನೆಯಲ್ಲಿ ನನ್ನ ಹೆಸರು ಬತ್ತಿ.

ಚಿಕ್ಕಮ್ಮ, ಅಂದರೆ ನನ್ನ ಅಮ್ಮನ ತಂಗಿ, ಬಣ್ಣದ ಅಂಗಡಿಯಲ್ಲಿ ಗೋಡೆ ಬಣ್ಣ ಬೆರೆಸುತ್ತಾಳೆ. ಈಗ ಅದಕ್ಕೆ ಯಂತ್ರ ಬಂದಿದೆ. ಗುಂಡಿ ಒತ್ತಿದರೆ ಬಿಳಿ ಡಬ್ಬದೊಳಗೆ ಹನಿಹನಿಯಾಗಿ ಬಣ್ಣ ಬೀಳುತ್ತದೆ, ಇನ್ನೊಂದು ಯಂತ್ರ ಡಬ್ಬವನ್ನು ದೆವ್ವ ಹಿಡಿದಂತೆ ಕುಲುಕುತ್ತದೆ. ಆದರೂ ಗಿರಾಕಿಗಳು ಬರುವುದು ಯಂತ್ರವನ್ನು ಹುಡುಕಿಕೊಂಡಲ್ಲ. ಹಳೆಯ ಸೋಫಾದ ಚೂರೋ ಒಡೆದ ಹೂಜಿಯ ಹೋಳೋ ಹಿಡಿದುಕೊಂಡು ಬಂದು, "ಶೇಡಮ್ಮ ಇದಾರಾ?" ಎಂದು ಕೇಳುತ್ತಾರೆ. ಗಂಡ ಹೆಂಡತಿ ಮಲಗುವ ಕೋಣೆಯ ಬಣ್ಣಕ್ಕಾಗಿ ಅಂಗಡಿಯಲ್ಲೇ ಜಗಳಕ್ಕೆ ನಿಂತದ್ದನ್ನು ನಾನೇ ಕಂಡಿದ್ದೇನೆ. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಮನೇಲಿ ಹೆಚ್ಚು ಹೊತ್ತು ಇರೋರು ಯಾರು?" ಗಂಡ ಹೆಂಡತಿಯ ಕಡೆ ತೋರಿಸಿದ. "ಹಾಗಾದ್ರೆ ನೀವು ಹೋಗಿ ಟೀ ಕುಡ್ಕೊಂಡು ಬನ್ನಿ," ಎಂದಳು.

ಚಿಕ್ಕಪ್ಪ ಸಿಕ್ಕಿದ್ದೂ ಬಣ್ಣದಿಂದಲೇ. ಅವರು ಚಿತ್ರಮಂದಿರದಲ್ಲಿ ಆಪರೇಟರು. ಒಳಗೋಡೆಗೆ ಹೊಸದಾಗಿ ಬಳಿದ ಬಣ್ಣ ಪರದೆಯ ಬೆಳಕಿಗೆ ಮಿನುಗುತ್ತದೆ ಎಂದು ದೂರು ತೆಗೆದುಕೊಂಡು ಅಂಗಡಿಗೆ ಬಂದಿದ್ದರು. "ಜನ ಪರದೆ ನೋಡೋಕೆ ಬರ್ತಾರಾ, ಗೋಡೆ ನೋಡೋಕಾ?" ಎಂದು ಚಿಕ್ಕಮ್ಮ ಬಾಯಿ ಮುಚ್ಚಿಸಿದಳು. ಆದರೆ ಮನಸ್ಸು ತಡೆಯದೆ ಮರುದಿನ ತಾನೇ ಟಿಕೆಟು ಕೊಂಡು ಹೋಗಿ ಕೂತಳು. ಗೋಡೆ ಮಿನುಗುತ್ತಿತ್ತು. ಹೊಸ ಬಣ್ಣ ಬೆರೆಸಿಕೊಟ್ಟಳು. ಅದು ಒಣಗಿದೆಯೇ ಎಂದು ನೋಡಲು ಹೋದಳು, ಒಣಗಿದ ಮೇಲೂ ಹೋದಳು. ಉಳಿದದ್ದನ್ನು ಇಬ್ಬರೂ ನನಗೆ ಹೇಳಿಲ್ಲ.

ಇಡೀ ವಾರ ಊರಿಗೆಲ್ಲ ಸಿನಿಮಾ ತೋರಿಸಿ ಬಂದ ಮನುಷ್ಯನಿಗೆ ರಜೆಯ ದಿನ ತಾನೂ ಕೂತು ಸಿನಿಮಾ ನೋಡುವ ಆಸೆ. ಹಾಗೆ ಶುರುವಾದದ್ದು ಈ ಲೋಟದ ಆಟ. ನೋಡಲಿರುವ ಸಿನಿಮಾ ಯಾವುದೆಂದು ಚಿಕ್ಕಮ್ಮ ಹೇಳುವುದಿಲ್ಲ. ಅದರ ಬಣ್ಣಗಳನ್ನು ಪದರ ಪದರವಾಗಿ ಲೋಟಕ್ಕೆ ತುಂಬಿ ಮೇಜಿನ ಮೇಲೆ ಇಡುತ್ತಾಳೆ. ಕಥೆಯ ಮೊದಲು ಮೇಲಿನ ಪದರದಲ್ಲಿ, ಕೊನೆ ತಳದಲ್ಲಿ. ಚಿಕ್ಕಪ್ಪ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಸಿನಿಮಾ ಯಾವುದೆಂದು ಹೇಳಬೇಕು. ನಾನು ಬೆಂಕಿ ಇಟ್ಟದ್ದು ಒಂದು ಪ್ರೇಮಕಥೆಗೆ ಎಂದು ಆಮೇಲೆ ಗೊತ್ತಾಯಿತು.

ಚಿಕ್ಕಪ್ಪನ ಊಟದ ರೀತಿಯನ್ನೂ ಇಲ್ಲಿ ಹೇಳಬೇಕು. ಹಿಂದೆ ಸಿನಿಮಾ ರೀಲುಗಳಲ್ಲಿ ಬರುತ್ತಿತ್ತು. ಆಪರೇಟರ ಕೋಣೆಯಲ್ಲಿ ಎರಡು ಯಂತ್ರ. ಒಂದು ರೀಲು ಮುಗಿಯುವ ಹೊತ್ತಿಗೆ ಚಿತ್ರದ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತದೆ. ಆಗ ಎರಡನೇ ಯಂತ್ರದ ಮೋಟಾರು ಹಾಕಬೇಕು. ಇನ್ನೊಂದು ಚುಕ್ಕಿ ಮಿಂಚಿದಾಗ ಬೆಳಕನ್ನು ಆ ಯಂತ್ರಕ್ಕೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲೇ ಅವರ ಊಟ. ನೆಲದ ಮೇಲಿನ ಮಣೆಯಲ್ಲಿಟ್ಟ ಡಬ್ಬದ ಕಡೆ ಬಗ್ಗಿ ಒಂದೆರಡು ತುತ್ತು ನುಂಗುವುದು, ಮತ್ತೆ ಚುಕ್ಕಿಗೆ ಕಾಯುವುದು. ಅವರ ಊಟವೂ ಸಿನಿಮಾದ ಕಥೆಯೂ ಒಟ್ಟಿಗೆ ಮುಗಿಯುತ್ತಿದ್ದವು. ಈಗ ರೀಲು ಹೋಗಿ ಪೆಟ್ಟಿಗೆ ಬಂದಿದೆ, ಗುಂಡಿ ಒತ್ತಿದರೆ ಮುಗಿಯಿತು. ಆದರೂ ಮನೆಯಲ್ಲಿ ಹಳೆಯ ಸಿನಿಮಾ ಹಾಕಿದರೆ, ಮೂಲೆಯಲ್ಲಿ ಚುಕ್ಕಿ ಮಿಂಚಿದ ಮೇಲೆಯೇ ಅವರ ಚಮಚ ಏಳುವುದು. ಈ ಚುಕ್ಕಿಯ ಪುರಾಣವನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕೇಳಿದ್ದು ಕಿವಿ ಮಾತ್ರ, ತಲೆಗೆ ತಲುಪಿರಲಿಲ್ಲ.

ಆಮೇಲೆ ಚಿಕ್ಕಪ್ಪನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಕೆಟ್ಟ ಗಂಟಲ್ಲ ಎಂದು ಡಾಕ್ಟರು ಹೇಳಿದ ದಿನ ನಾವು ನಿಟ್ಟುಸಿರು ಬಿಟ್ಟೆವು, ಆದರೆ ಸ್ವಲ್ಪ ಬೇಗನೇ ಬಿಟ್ಟೆವು. ಆಸ್ಪತ್ರೆಯಲ್ಲಿ ಮೊದಲ ಸಲ ನೀರು ಕುಡಿಸಿದಾಗ ಅದು ತಪ್ಪು ದಾರಿ ಹಿಡಿದು, ಉಸಿರು ಸಿಕ್ಕಿಕೊಂಡು, ವಾರ್ಡಿನವರೆಲ್ಲ ಓಡಿ ಬಂದಿದ್ದರು. ಅಲ್ಲಿಂದ ಚಿಕ್ಕಪ್ಪ ಬಾಯಿ ಮುಚ್ಚಿಬಿಟ್ಟರು. ಮೂಗಿನಲ್ಲಿ ಹಾಕಿದ ನಳಿಗೆಯಿಂದ ಹೊಟ್ಟೆಗೆ ಗಂಜಿ ಹೋಗುತ್ತಿತ್ತು.

ನುಂಗುವುದನ್ನು ಕಲಿಸಲೆಂದೇ ಆಸ್ಪತ್ರೆಯಲ್ಲಿ ಒಬ್ಬರು ಮೇಡಂ ಇದ್ದರು. "ಗಂಟಲು ಈಗ ಸರಿಯಾಗಿದೆ, ಪರೀಕ್ಷೆ ಮಾಡಿ ನೋಡಿದೀವಿ," ಎಂದು ಅವರು ಚಿಕ್ಕಮ್ಮನಿಗೆ ಹೇಳಿದರು. "ಹೆದರಿಕೆ ಹೋಗಿಲ್ಲ. ಬಾಯಿಂದ ತಿನ್ನೋಕೆ ಶುರು ಮಾಡಿದ್ರೆ ಮುಂದಿನ ಸಲ ಬಂದಾಗ ನಳಿಗೆ ತೆಗೀತೀವಿ. ಇಲ್ಲಾಂದ್ರೆ ಹೊಟ್ಟೆಗೇ ತೂತು ಮಾಡಿ ಅಲ್ಲಿಂದ ಹಾಕಬೇಕಾಗತ್ತೆ."

ಗದ್ದವನ್ನು ಎದೆಗೆ ತಾಗಿಸಿ ನುಂಗಬೇಕು, ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಬೇಕು. ಚಿಕ್ಕಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡರು. ಚಿಕ್ಕಮ್ಮ ಚಮಚ ಹಿಡಿದು ಹೋದರೆ ಗೋಡೆಯ ಕಡೆ ತಿರುಗುವರು. ಬೈದಳು, ಬೇಡಿಕೊಂಡಳು, ಹೊರಗೆ ಬಂದು ಮೂಗು ಒರೆಸಿಕೊಂಡಳು. ಅವರಿಗೆ ವಾಸನೆ ಹೋಗಬಾರದೆಂದು ಒಗ್ಗರಣೆ ನಿಲ್ಲಿಸಿದಳು. ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತುಕೊಂಡೇ, ಕದ್ದವಳ ಹಾಗೆ, ಏನೋ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವಳು. ಎಷ್ಟೋ ದಿನ ಅದೂ ಇಲ್ಲ. ನಾನು ಧೀರ, ಹೊರಗೆ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು, ಬಾಯಿ ತೊಳೆದುಕೊಂಡು, ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಿದ್ದೆ.

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂತು. ಒಂದು ಬೆಳಗ್ಗೆ ಚಿಕ್ಕಮ್ಮ ಕೇಳಿದಳು, "ಬತ್ತಿ, ಆ ರೈಲಿನ ಸಿನಿಮಾ ಸಿಗತ್ತೇನೋ? ಹಿಮದಲ್ಲಿ ಹೊರಟು ಸಮುದ್ರಕ್ಕೆ ಹೋಗತ್ತಲ್ಲ, ಅದು. ನಿಮ್ಮ ಚಿಕ್ಕಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಂಗಳುಗಟ್ಟಲೆ ಓಡಿಸಿದ್ದು."

"ಸಿಗತ್ತೆ ಬಿಡು."

"ಹಳೇ ಕಾಪೀನೇ ತಾ."

ಭಾನುವಾರಕ್ಕೆ ರಜೆ ಕೇಳಿದೆ. ಹಾಸಿಗೆ ಅಂಗಡಿಗೆ ಭಾನುವಾರವೇ ಸುಗ್ಗಿ. ಗಿರಾಕಿಗಳ ಮುಂದೆ ಮಲಗಿ ತೋರಿಸುವವನು ನಾನು. ಬೆನ್ನುನೋವು ಎಂದು ಸುಳ್ಳು ಹೇಳಿದೆ. ಮ್ಯಾನೇಜರು ಅತ್ತಿತ್ತ ನೋಡಿ, "ರಜೆ ತಗೋ. ಆದ್ರೆ ಕಾರಣ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದರು.

ಆ ದಿನ ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ಶೇಡಮ್ಮನ ದರ್ಬಾರು. ಸಮುದ್ರಕ್ಕೆ ಇರಲಿ ಎಂದು ನಾನು ನೀಲಿ ಜೆಲ್ಲಿಯ ಪೊಟ್ಟಣ ತಂದಿದ್ದೆ. ಅವಳು ಅದನ್ನು ಎತ್ತಿ ನನ್ನ ಜೇಬಿಗೇ ವಾಪಸು ಹಾಕಿದಳು. "ಜೆಲ್ಲಿ ಬಾಯಲ್ಲಿ ಕರಗಿ ನೀರಾಗತ್ತೆ. ಐಸ್ ಕ್ರೀಮೂ ಅಷ್ಟೆ. ನೀರಾಗೋದು ಯಾವುದೂ ಬೇಡ ಅಂದಿದಾರೆ ಮೇಡಂ. ಚಮಚ ಓರೆ ಮಾಡಿದ್ರೆ ಮುದ್ದೆಯಾಗಿ ಜಾರಬೇಕು, ಸುರೀಬಾರ್ದು."

ತಳಕ್ಕೆ ಚಾಕೊಲೇಟಿನ ಗಟ್ಟಿ ಪುಡ್ಡಿಂಗು. ಅದು ರಾತ್ರಿಯ ಸಮುದ್ರವಂತೆ. ಅದರ ಮೇಲೆ ನಾರು ಹೋಗುವಂತೆ ಸೋಸಿದ ಮಾವಿನ ತಿರುಳಿನ ಕಸ್ಟರ್ಡು, ಬಿಸಿಲಿನ ಬಯಲು. ಅದರ ಮೇಲೆ ಸಕ್ಕರೆ ಹಾಕಿ ನುಣ್ಣಗೆ ಅರೆದ ಬೆಣ್ಣೆಹಣ್ಣು, ಹಸಿರು ಹೊಲ. ಆಮೇಲೆ ಕಾಫಿ ಬೆರೆಸಿದ ಕಸ್ಟರ್ಡು, ಬಂಡೆಗಾಡು. ಎಲ್ಲಕ್ಕಿಂತ ಮೇಲೆ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿನ ಕೆನೆ, ಹಿಮ. ಒಂದು ಪದರ ಹಾಕಿದರೆ ಫ್ರಿಜ್ಜಿಗೆ ಇಡುವಳು. ನಾನು ಆತುರಪಟ್ಟರೆ ಕೈಗೆ ಪೆಟ್ಟು.

"ಮೊದಲನೇ ಕೋಟ್ ಕೂತ್ಕೊಳ್ದೆ ಎರಡನೇದು ಹೊಡೆದ್ರೆ ಏನಾಗತ್ತೆ?"

"ಏನಾಗತ್ತೆ?"

"ಗೋಡೆ ನಿನ್ನ ಮುಖದ ಹಾಗಾಗತ್ತೆ."

ಮೂರು ಲೋಟಕ್ಕೂ ಅದೇ. ಯಾರ ಲೋಟದಲ್ಲೂ ಬಿಸ್ಕತ್ತಿನ ಕಡ್ಡಿ ಇಲ್ಲ, ಕಚ್ಚಿ ತಿನ್ನುವಂಥದ್ದು ಏನೂ ಇಲ್ಲ. ಅವರಿಗೊಂದು ನಮಗೊಂದು ಎನ್ನುವಂತಾಗಬಾರದು ಎಂದಳು.

ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಮನೆಯನ್ನು ಕತ್ತಲು ಮಾಡಿದೆವು. ಚಿಕ್ಕಪ್ಪನ ಕೋಣೆಯ ಬಾಗಿಲು ಅರೆತೆರೆದಿತ್ತು. ಚಿಕ್ಕಮ್ಮ ಒಂದು ಲೋಟ ಮೇಜಿನ ಮೇಲಿಟ್ಟು, ಅವರಿಗೆ ಕೇಳಲಿ ಎಂದು ದನಿ ಎತ್ತಿ, "ಬತ್ತಿ, ಯಾವ ಸಿನಿಮಾ ಹೇಳು ನೋಡೋಣ," ಎಂದಳು.

ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸಬೇಕೆಂದು ಕಣ್ಣಲ್ಲೇ ಹೇಳಿದಳು. ದಡ್ಡನಂತೆ ಮಾತಾಡುವುದು ನನಗೆ ಕಷ್ಟದ ಪಾತ್ರವಲ್ಲ.

"ಕ್ರಿಕೆಟ್ ಬಗ್ಗೇನಾ ಚಿಕ್ಕಮ್ಮ? ಹಸಿರು ಮೈದಾನ ಕಾಣ್ತಿದೆ."

"ಇನ್ನೊಂದು ಸಲ ನೋಡು."

"ಐದು ಜನ ಅಣ್ಣತಮ್ಮಂದಿರ ಕಥೆ?"

ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಚಿಕ್ಕಪ್ಪ ಮೂಗಿನ ನಳಿಗೆಯನ್ನು ಕಿವಿಯ ಹಿಂದೆ ಸರಿಸಿಕೊಳ್ಳುತ್ತಾ ಬಂದರು. ಲೋಟ ಎತ್ತಿ ಪರದೆಯ ಸಂದಿನ ಬೆಳಕಿಗೆ ಹಿಡಿದರು.

"ರೈಲಿಂದು," ಎಂದರು. ದನಿ ಮರಳು ಕಾಗದ ಉಜ್ಜಿದ ಹಾಗಿತ್ತು. "ಅಣ್ಣತಮ್ಮಂದಿರಂತೆ. ಇವನಿಗೆ ಸಂಬಳ ಬೇರೆ ಕೊಡ್ತಾರೆ."

ಕೂತರು. ಕೂತವರೇ, "ನೋಡ್ತೀನಿ ಅಷ್ಟೆ. ತಿನ್ನಲ್ಲ," ಎಂದರು.

"ತಿನ್ನಿ ಅಂತ ಯಾರು ಹೇಳಿದ್ರು? ಲೋಟ ತೊಡೆ ಮೇಲಿರಲಿ ಅಷ್ಟೆ. ಮೇಜಿನ ಮೇಲೆ ಜಾಗ ಇಲ್ಲ," ಎಂದಳು ಚಿಕ್ಕಮ್ಮ. ಮೇಜಿನ ಮೇಲೆ ಬೇಕಾದಷ್ಟು ಜಾಗವಿತ್ತು.

ಸಿನಿಮಾ ಶುರುವಾಯಿತು. ಬೆಟ್ಟ, ಹಿಮ, ಹೊಗೆ ಬಿಡುತ್ತಾ ಬರುವ ರೈಲು. ಚಿತ್ರ ಕನ್ನಡಿಯಷ್ಟು ಸ್ವಚ್ಛ. ನಾನು ಚಿಕ್ಕಮ್ಮನ ಕಡೆ ನೋಡಿ ಹುಬ್ಬು ಹಾರಿಸಿದೆ. ಅವಳು ಕಥೆ ನೋಡುತ್ತಿರಲಿಲ್ಲ. ಟೀವಿಯ ಬಲಗಡೆಯ ಮೇಲಿನ ಮೂಲೆಯನ್ನು ನೋಡುತ್ತಿದ್ದಳು. ಚಿಕ್ಕಪ್ಪನೂ ಅಲ್ಲೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅವರು ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡಿದರು.

"ಬರಬೇಕಿತ್ತಲ್ಲ," ಎಂದು ಗೊಣಗಿದರು.

ಚಿಕ್ಕಮ್ಮ ನನ್ನ ಕಿವಿಗೆ ಬಗ್ಗಿದಳು. "ಚುಕ್ಕಿ ಎಲ್ಲೋ?"

"ಚುಕ್ಕಿ, ಗೀರು, ಕಲೆ ಎಲ್ಲಾ ಒರೆಸಿ ಹೊಸದು ಮಾಡಿರೋ ಕಾಪಿ ಇದು," ಎಂದೆ, ಹೆಮ್ಮೆಯಿಂದ. "ಹುಡುಕಿ ಹುಡುಕಿ ತಂದೆ."

"ಚುಕ್ಕಿ ಇರ್ಲಿ ಅಂತಾನೇ ಹಳೇದು ತಾ ಅಂದಿದ್ದು ಕಣೋ."

ಆಗ ನನಗೆ ಹೊಳೆಯಿತು. ಬೈದು, ಬೇಡಿ ಆಗದ್ದನ್ನು ಚುಕ್ಕಿಯ ಕೈಯಲ್ಲಿ ಮಾಡಿಸಲು ಹೊರಟಿದ್ದಳು ಅವಳು. ಚುಕ್ಕಿ ಕಂಡರೆ ಆ ಕೈ ತಾನಾಗಿ ಏಳುತ್ತದೆ, ಮನಸ್ಸನ್ನು ಕೇಳುವುದಿಲ್ಲ. ಆ ಒಂದೇ ಒಂದು ಆಸರೆಯನ್ನು ಒರೆಸಿ ಹಾಕಿದ ಕಾಪಿಯನ್ನೇ ನಾನು ಶ್ರದ್ಧೆಯಿಂದ ಹುಡುಕಿ ತಂದಿದ್ದೆ. ಚಿಕ್ಕಮ್ಮ ತನ್ನ ಲೋಟವನ್ನು ಮುಟ್ಟದೆ ಮಡಿಲಲ್ಲಿಟ್ಟುಕೊಂಡು ಕೂತಳು.

ಸಿನಿಮಾದಲ್ಲಿ ರೈಲು ಒಂದು ಪುಟ್ಟ ನಿಲ್ದಾಣದಲ್ಲಿ ನಿಂತಿತು. ಚಿಕ್ಕಪ್ಪ ತಟ್ಟನೆ ಮುಂದಕ್ಕೆ ಬಾಗಿದರು.

"ಇಲ್ಲೇ. ಸ್ಟೇಷನ್ ಮಾಸ್ಟರು ಟೋಪಿ ತೆಗೀತಾನಲ್ಲ, ಅಲ್ಲಿ ಮೊದಲನೇದು. ಬೋಗಿ ಬಾಗಿಲು ಹಾಕೋವಾಗ ಎರಡನೇದು. ಯಾವನೋ ಒರೆಸಿ ಹಾಕಿದಾನೆ. ಎಂಥಾ ಜನ."

ಆಸ್ಪತ್ರೆಯಿಂದ ಬಂದ ಮೇಲೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆಮೇಲೆ ಅವರಿಗೆ ಕಥೆಯ ಗೊಡವೆಯೇ ಇರಲಿಲ್ಲ. ಒರೆಸಿದವರ ಮೇಲೆ ಹಟ ಸಾಧಿಸುವವರಂತೆ ಮುಂದಿನ ಜಾಗಕ್ಕೆ ಕಾದರು. ಬಂಡೆಗಳ ನಡುವೆ ರೈಲು ತಿರುವು ತೆಗೆದುಕೊಂಡಿತು. ಒಬ್ಬ ಮುದುಕಿ ಕಿಟಕಿ ತೆರೆದಳು.

"ಮೋಟಾರು," ಎಂದರು ಚಿಕ್ಕಪ್ಪ. ಎಡಗೈ ಗಾಳಿಯಲ್ಲಿ ಇಲ್ಲದ ಗುಂಡಿಯೊಂದನ್ನು ಅದುಮಿತು. ಮುದುಕಿಯ ಸೆರಗು ಗಾಳಿಗೆ ಹಾರಿತು. "ಬದಲು."

ಕೈ ಇಲ್ಲದ ಹಿಡಿಯನ್ನು ಎಳೆಯಿತು. ಎಳೆದದ್ದೇ ಅವರ ತಲೆ ಬಗ್ಗಿತು, ಹಿಂದೆ ಮಣೆಯ ಮೇಲಿನ ಡಬ್ಬದ ಕಡೆಗೆ ಬಗ್ಗುತ್ತಿದ್ದ ಹಾಗೆ, ಗದ್ದ ಎದೆಗೆ ತಾಗುವಂತೆ. ಬಲಗೈ ಚಮಚ ತುಂಬಿತು. ಹಿಮ ಬಾಯಿಗೆ ಹೋಯಿತು. ಗಂಟಲು ಒಮ್ಮೆ ಏರಿ ಇಳಿಯಿತು.

ಕೆಮ್ಮು ಬರಲಿಲ್ಲ.

ಚಿಕ್ಕಮ್ಮನ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ಕಿರುಚುವಂತಿರಲಿಲ್ಲ. ಚಿಕ್ಕಪ್ಪನ ಕಣ್ಣು ಆಗಲೇ ಟೀವಿಗೆ ವಾಪಸು ಹೋಗಿತ್ತು. ತಾವು ಏನು ಮಾಡಿದೆವೆಂದು ಅವರಿಗೇ ತಿಳಿದಂತಿರಲಿಲ್ಲ. ಇನ್ನೊಂದು ಚಮಚ ಹೋಯಿತು. ಮುಂದಿನ "ಬದಲು" ಆದ ಮೇಲೆ ಬಂಡೆಗಾಡು. ಅದರ ಮುಂದಿನದಕ್ಕೆ ಹೊಲ. ನನ್ನ ಮಣಿಕಟ್ಟಿನ ಗತಿ ಕೇಳುವವರಿಲ್ಲ.

ಬಯಲಿನಲ್ಲಿ ರೈಲು ಓಡುತ್ತಿದ್ದಾಗ ಅವರು ಹಠಾತ್ತನೆ ನಮ್ಮ ಕಡೆ ತಿರುಗಿದರು.

"ಏನು ಇಬ್ರೂ ನನ್ನ ಮುಖ ನೋಡ್ತಾ ಕೂತಿದೀರ? ಸಿನಿಮಾ ಅಲ್ಲಿ ಓಡ್ತಿದೆ."

ಹೇಳಿದ ಮೇಲೆ ತಮ್ಮ ಲೋಟ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಖಾಲಿ. ಚಮಚದಲ್ಲಿ ಹಳದಿ ಮೆತ್ತಿತ್ತು. ಚಮಚ ಅಲ್ಲೇ ನಿಂತಿತು. ಇನ್ನು ಮುಗಿಯಿತು, ಗೊತ್ತಾದರೆ ಹೆದರುತ್ತಾರೆ, ಹೆದರಿದರೆ ಗಂಟಲು ಬಿಗಿಯುತ್ತದೆ ಎಂದುಕೊಂಡೆ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು.

"ಮಾವಿನದ್ದು ಸ್ವಲ್ಪ ಸಪ್ಪೆ," ಎಂದರು.

"ಸಕ್ಕರೆ ಕಮ್ಮಿ ಹಾಕಿದೆ," ಎಂದಳು ಚಿಕ್ಕಮ್ಮ. ಅವಳ ದನಿ ಎಲ್ಲಿಂದಲೋ ಬಂದಂತಿತ್ತು. "ಕೆಳಗೆ ಚಾಕೊಲೇಟ್ ಇದೆ. ಸಮುದ್ರ ಬರೋವರೆಗೂ ಸುಮ್ನಿರಿ."

ಸಮುದ್ರ ಬರುವವರೆಗೂ ಸುಮ್ಮನಿದ್ದರು. ಬಂದ ಮೇಲೆ ತಳ ಕೆರೆದ ಸದ್ದು ಕೇಳಿಸಿತು. ಆ ಸದ್ದಿಗಿಂತ ಇಂಪಾದದ್ದನ್ನು ನಾನು ಸಿನಿಮಾದಲ್ಲೂ ಕೇಳಿಲ್ಲ.

ಖಾಲಿ ಲೋಟ ಒಯ್ದ ಚಿಕ್ಕಮ್ಮ ಬಹಳ ಹೊತ್ತಾದರೂ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕಾಲು ಚಾಚಿ ಕೂತು, ಗೋಡೆಗೆ ತಲೆ ಆನಿಸಿ, ತನ್ನ ಪಾಲಿನ ಲೋಟವನ್ನು ಗಬಗಬ ತಿನ್ನುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಬಾಯಿ ತುಂಬಿತ್ತು. ನನ್ನನ್ನು ಕಂಡು ಕೈ ನೀಡಿದಳು.

"ನಿನ್ನದು ಉಳಿದಿದ್ರೆ ಕೊಡು."

ಕೊಟ್ಟೆ.

ಮುಂದಿನ ವಾರ ಆಸ್ಪತ್ರೆಯಲ್ಲಿ ಮೇಡಂ ತಮ್ಮ ಎದುರಿಗೇ ತಿನ್ನಿಸಿ ನೋಡಿದರು. ಚಿಕ್ಕಪ್ಪ ಮೊದಲು ಎಡಗೈಯಿಂದ ಗಾಳಿಯನ್ನು ಅದುಮಿ, "ಬದಲು" ಎಂದು ಹೇಳಿಕೊಂಡು, ತಲೆ ಬಗ್ಗಿಸಿ ನುಂಗಿದರು. ಹೀಗೆ ಮಾಡಲು ಕಲಿಸಿದ್ದು ಯಾರು ಎಂದು ಮೇಡಂ ಕೇಳಿದರು. "ಹಳೇ ಕೆಲಸ," ಎಂದರು ಚಿಕ್ಕಪ್ಪ. ನಳಿಗೆ ಅಂದೇ ಹೋಯಿತು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮೂಗನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. "ನನ್ನ ಮೂಗು ಇಷ್ಟು ದಪ್ಪ ಇತ್ತಾ?" ಎಂದು ಕೇಳಿದರು. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಸಿಡಿಯುತ್ತಿತ್ತು.

ಸುದ್ದಿ ಕೇಳಿ ಚಿಕ್ಕಪ್ಪನ ಅಕ್ಕ ನೋಡಲು ಬಂದರು. ಒಳ್ಳೆಯ ಮನಸ್ಸಿನ ಹೆಂಗಸು. ಆದರೆ ಮನಸ್ಸಿನಲ್ಲಿ ಬಂದದ್ದು ಬಾಯಿಗೆ ಬರುವ ಮುಂಚೆ ಎಲ್ಲೂ ತಂಗುವುದಿಲ್ಲ. ಲೋಟದ ಕಥೆ, ಚುಕ್ಕಿಯ ಕಥೆ, ನನ್ನ ಕಾಪಿಯ ಕಥೆ ಎಲ್ಲ ಕೇಳಿದರು. ನನ್ನ ಪಾಲು ಬಂದಾಗ ಜೋರಾಗಿ ನಕ್ಕರು. ನಕ್ಕು ಮುಗಿಸಿ, ಚಿಕ್ಕಪ್ಪ ಎದುರಿಗೇ ಕೂತು ಅನ್ನ ಕಲಸುತ್ತಿರುವುದನ್ನೂ ಲೆಕ್ಕಿಸದೆ, ನಾದಿನಿಯ ಕಡೆ ತಿರುಗಿದರು.

"ಅಲ್ಲಾ ಕಣೇ, ಅಷ್ಟೆಲ್ಲಾ ಮಾಡಿದೆ. ಅವತ್ತು ಇವನು ಚಮಚ ಮುಟ್ಟದೇ ಇದ್ದಿದ್ರೆ? ಏನ್ಮಾಡ್ತಿದ್ದೆ ನೀನು?"

ಕಲಸುತ್ತಿದ್ದ ಕೈ ನಿಂತಿತು. ನಾನು ನನ್ನ ತಟ್ಟೆಯಲ್ಲಿ ಇಲ್ಲದ ಕಲ್ಲು ಹುಡುಕಿದೆ. ಚಿಕ್ಕಪ್ಪನೂ ನಾನೂ ಅಲ್ಲಿಯವರೆಗೆ ಕೇಳಲು ಹೆದರಿದ್ದ ಪ್ರಶ್ನೆ ಅದು.

ಚಿಕ್ಕಮ್ಮ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಳು.

"ಅವರ ಲೋಟಾನೂ ನಾನೇ ತಿಂತಿದ್ದೆ ಅತ್ತಿಗೆ," ಎಂದಳು. "ಹೊಟ್ಟೆ ಹಸಿದು ಸಾಯ್ತಿದ್ದೆ."